ಖಡುವಿನ ಹಾಸಿಗಿ

ಇಂಡಿ ರೋಡಿನ ಶೆಡ್ಡಿನೊಳಗ ಲಾಡ್ಲೇಸಾಬ
ಮೊದಲ ಕೇಳಿದ್ದು ರೊಕ್ಕದ ಮಾತಲ್ಲ:
"ಎಷ್ಟ ಮಂದಿ ಮಲಗವ್ರು?"

ಆರು, ಅಂದ ಗೊಲ್ಲಾಳಪ್ಪ.
ಐದು, ಅಂದೆ ನಾ.
ಇಬ್ಬರೂ ಸುಳ್ಳು ಹೇಳಿರಲಿಲ್ಲ.

ನಿಂಬಿ ಹೂವು ಉದುರಿದ್ರ ತಾಳಿಕೋಟಿ ಕಡೆ ಸೂರ್ಯಪಾನ,
ಸೂರ್ಯಪಾನ ತಲಿ ಬಾಗಿಸಿದ್ರ ಕುಸುಬಿ, ಎಳ್ಳು,
ಪಿಕಪ್ಪಿನ ತುಂಬ ಜೇನಪೆಟಗಿ ಹೇರಿಕೊಂಡು
ಹೊತ್ತು ಮುಳುಗಿದ ಮ್ಯಾಲ ಹೊರಡೂ ಮಂದಿ ನಾವು.
ಎಂಬತ್ತು ಕುಟುಂಬ ಅಂತ ಬರದಿರತಾರ ಕಾಗದದಾಗ.
ಎಂಬತ್ತಕ್ಕೂ ಮನಿ ಐತಿ, ಬಾಗಲಾ ಐತಿ.
ಎಂಬತ್ತೊಂದನೇದಕ್ಕ ತಾಡಪತ್ರಿ.
ಹೋದ ಸಲದ ಗಾಳಿ ಅದನ್ನೂ ಒಯ್ದು
ಯಾರದೋ ತೊಗರಿ ಹೊಲಕ್ಕ ಹೊಚ್ಚಿತು.

ಸೊಲ್ಲಾಪುರದಿಂದ ಬಂದ ಹಳೇ ಗಾಡಿ ನಿಂತಿತ್ತು ಅಲ್ಲೇ,
ಹಿಂದ ಕೊಂಡಿ ಹಾಕಿ ಎಳಕೊಂಡು ಹೋಗೂದು, ಎರಡು ಗಾಲಿ,
ಗಾಜಿನ ಕಿಟಕಿ, ಮಾರಿ ತೊಳಿಯೂ ಬೇಸಿನ್ನು,
ಮಡಚಿದ್ರ ಸೋಫಾ ಆಗೂ ಮಂಚ.
ಅವಳಿ ಹುಡುಗ್ರು ನಳ ತಿರುವಿ ತಿರುವಿ
ಬಾರದ ನೀರಿಗೆ ಬೊಗಸಿ ಒಡ್ಡಿದ್ರು.
ಅತ್ತಿ ನಿಂಬೆವ್ವ ಒಳಗ ಹೋಗಿ, ಎರಡೂ ಕೈ ಚಾಚಿ,
ಗ್ವಾಡಿಗಿ ಮೊಣಕೈ ಬಡಕೊಂಡು ಹೊರಗ ಬಂದಳು:
"ಇದರಾಗ ರೊಟ್ಟಿ ಬಡಿಯೂದೆಲ್ಲಿ? ಬಿಸ್ಕೀಟ ತಿನ್ನವ್ರ ಗಾಡಿ ಇದು."
ಅಲ್ಲಿಗೆ ಸೊಲ್ಲಾಪುರದ್ದು ಮುಗೀತು.

"ಹಂಗಾದ್ರ ಹೊಸಾದು ಕಟ್ಟೂಣು, ನೆಲಕ್ಕ ಮಲಗ್ರಿ,"
ಅಂದ ಲಾಡ್ಲೇಸಾಬ, ಕಿವಿ ಮ್ಯಾಲಿನ ಖಡು ತಗದು.

ನಿಂಬೆವ್ವಗ ಕೆಳಗ, ಬಾಗಲ ಬಾಜೂಕ,
ರಾತ್ರಿ ಮೂರು ಸಲ ಏಳಾಕಿ.
ಅವಳಿಗಳಿಗೆ ಒಂದರ ಮ್ಯಾಲೊಂದು;
ಗೆರಿ ಎಳಿವಾಗ ಪಾದದಾಚೆ ಒಂದು ಗೇಣು ಬಿಟ್ಟ,
"ಇದು ಮುಂದಿನ ವರ್ಷದ ಕಾಲು."
ನಂದು ಒಲಿ ಎದುರಿಗೆ. ಅತ್ತೀಗಿಂತ ಎರಡು ಬೆರಳು ಹೆಚ್ಚು
ಬರಕೋರಿ ಅಂದೆ, ಸಾಕಾತು.

ದಾನಮ್ಮನೂ ಮಲಗಲಿಲ್ಲ.
ವೆಲ್ಡಿಂಗ್ ಹುಡುಗ್ರು ನೋಡಾಕತ್ತಿದ್ರು.
ಕಂಬಕ್ಕ ಬೆನ್ನು ಹಚ್ಚಿ, ತಲಿ ಮ್ಯಾಲ ಅಂಗೈ ಇಟ್ಟು
ಇಷ್ಟು, ಅಂದಳು. ಮತ್ತ ಪರದೆ. ಮತ್ತ ಚಿಲಕ, ಒಳಗಿಂದ.
ಯಾಕ ಅಂತ ಅಂವ ಕೇಳಲಿಲ್ಲ,
ತಗಡಿನ ಮ್ಯಾಲ ಬರಕೊಂಡ: ಚಿಲಕ.
ಹದಿನಾಲ್ಕು ವರ್ಷ ನನ್ನ ಮಗ್ಗಲದಾಗ ಮಲಗಿದಾಕಿ.
ನಾ ಬ್ಯಾರೆ ಕಡೆ ನೋಡಿದೆ, ಆ ಬೇಸಿನ್ನಿನ ಕಡೆ.

ಆರನೇದು?

ನನ್ನ ಲೆಕ್ಕದಾಗ ಆರನೇದು ಇರಲಿಲ್ಲ.
ಲಗ್ನಾದಾಗಿನಿಂದ ಅಂವ ಪೆಟಗಿಗಳ ನಡುವ ಮಲಗಾಂವ,
ಕಳ್ಳರಿಗೆ ಒಂದು ಕಣ್ಣು, ಇರುವಿಗೆ ಒಂದು ಕಣ್ಣು,
ಕಂಬಳಿ ತುಂಬ ಮೇಣದ ವಾಸನಿ.
ನಾವಿದ್ದ ಸೂರಿನ ಕೆಳಗ ಉಣ್ಣಾಕಷ್ಟ ಬರಾಂವ.
ಹಲಗಿ ಒಂದಕ್ಕ ನಾಲ್ಕು ಸಾವಿರ ಅಂದ್ರ
ಖಾಲಿ ಜಾಗಕ್ಕ ಯಾಕ ಕೊಡಬೇಕು, ನೀವ ಹೇಳ್ರಿ.

"ಸುಮ್ಮ ಅಳತಿಗೆ," ಅಂತ ಅಂವ ಚಪ್ಪಲಿ ಬಿಟ್ಟು
ಸಿಮೆಂಟಿನ ಮ್ಯಾಲ ಅಂಗಾತ ಆದ.
ಮ್ಯಾಲ ಪತ್ರಾ, ಸುತ್ತ ಗ್ವಾಡಿ, ಕಾಯಾಕ ಒಂದೂ ಪೆಟಗಿ ಇಲ್ಲ.
ಖಡು ಹೆಗಲ ದಾಟಿ ಮೊಣಕಾಲಿಗೆ ಬರೂದರೊಳಗ
ಗೊರಕಿ.

ಗ್ರೈಂಡರ್ ಬಂದ್ ಮಾಡಿಸಿದ ಲಾಡ್ಲೇಸಾಬ.
ಅವಳಿಗಳ ಬಾಯಿಗೆ ಅತ್ತಿ ಕೈ ಅಡ್ಡ ಹಿಡಿದಳು.
ಬಾಗಲದ ಬಿಸಲು ಅಂವನ ಹೆಬ್ಬೆರಳ ತನಕ ಬಂದು ನಿಂತಿತು.
ನಾ ಬಿಳಿ ಗೆರಿ ತುಳೀದಂಗ ಬಾಜೂಕ ಕುಂತು
ಸೆರಗಿನ ಗಂಟು ಬಿಚ್ಚಿದೆ, ಸಪ್ಪಳಾಗದಂಗ.
ನೂರರ ನೋಟು, ನಾಲ್ವತ್ತು.
ನಡುವ ಎರಡು ಜೇನಿಗೆ ಅಂಟಿದ್ದವು,
ಉಗುರಿಲೆ ಬಿಡಿಸಿದೆ.